ಹುಳುಕು ಹಲ್ಲು ಮತ್ತು ಮನದ ಅಳುಕು



ಹಲ್ಲಿನ ಕುಳಿಯನ್ನು ವೈದ್ಯರು ತುಂಬಿಸಿದ ಮೇಲೂ ನಮ್ಮಲ್ಲಿ ಅನೇಕರ ಅಳುಕು ಹಾಗೆಯೇ ಉಳಿಯುವುದುಂಟು. ಹುಳುಕನ್ನು ಪೂರ್ಣವಾಗಿ ತೆಗೆದರೋ, ಅವಸರದಿಂದ ಮುಚ್ಚಿದರೋ ಎಂದು ನಾಲಗೆಯಿಂದ ತಡವುತ್ತಲೇ ಇರುತ್ತೇವೆ.

ಹಲ್ಲಿನ ಹೊರಕವಚವು ದೇಹದಲ್ಲೆಲ್ಲ ಅತಿ ಕಠಿಣವಾದ ವಸ್ತು. ಒಳಗಿನ ತಿರುಳಾದರೋ ನರಗಳಿಂದ ಕೂಡಿದ ಸೂಕ್ಷ್ಮಭಾಗ. ಆದುದರಿಂದ ತುಂಬಿಸಿದ ಹಲ್ಲು ಕೆಲವು ದಿನ ತಣ್ಣೀರಿಗೆ ಜುಮ್ಮೆನ್ನುವುದು ಸಹಜ. ಅದು ವೈದ್ಯರ ಅಲಕ್ಷ್ಯದ ಗುರುತಲ್ಲ. ಕಚ್ಚುವಾಗ ಆ ಹಲ್ಲೇ ಮೊದಲು ತಾಗಿದರೆ, ವೈದ್ಯರು ತುಸು ಉಜ್ಜಿ ಸರಿಪಡಿಸುವರು. ಆದರೆ ನೋವು ದಿನೇದಿನೇ ಹೆಚ್ಚಿದರೆ, ರಾತ್ರಿ ನಿದ್ದೆಗೆಡಿಸಿದರೆ, ಒಸಡು ಬಾತರೆ ತಡಮಾಡಲಾಗದು.

ಮಕ್ಕಳೇ, ಮತ್ತೆ ಯಂತ್ರ ಹಿಡಿದಾರೆಂಬ ಭಯದಿಂದ ನೋವನ್ನು ಬಚ್ಚಿಡಬೇಡಿ. ಪೋಷಕರೇ, ಮಗುವಿನ ಮಾತನ್ನು ಹಟವೆಂದು ತಳ್ಳದಿರಿ. ಸಂಶಯವನ್ನು ವೈದ್ಯರಲ್ಲಿಯೇ ಕೇಳುವುದು ಅವಿನಯವಲ್ಲ. ಅದು ರೋಗಿಯ ಹಕ್ಕೆಂದೇ ನಾವು ಬಗೆಯುತ್ತೇವೆ.