ಚಂದ್ರವಳ್ಳಿಯ ಕೆರೆ, ಭೀಮಸಮುದ್ರದ ಕೆಂಪು ದೂಳು



ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಬಳಿ ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ, ನಾಲ್ಕನೆಯ ಶತಮಾನದ್ದು. ಡಾ. ಎಂ.ಎಚ್. ಕೃಷ್ಣ ಅವರ ಓದಿನಂತೆ, ಅವನು ಗೆದ್ದ ಪಲ್ಲವ, ಆಭೀರ, ಪುನ್ನಾಟರ ಹೆಸರುಗಳ ಜೊತೆಗೇ ಅವನು ಕಟ್ಟಿಸಿದ ಕೆರೆಯ ಮಾತೂ ಅಲ್ಲಿದೆ. ಇದೇ ನೆಲ ಅಗೆದಾಗ ಶಾತವಾಹನರ ಸೀಸದ ನಾಣ್ಯ, ರೋಮಿನ ಬೆಳ್ಳಿ ನಾಣ್ಯ ಸಿಕ್ಕಿವೆ. ಸಂಪತ್ತು ಎಲ್ಲಿಂದ ಬಂತು, ಊರಿಗೆ ಏನು ಉಳಿಯಿತು ಎಂದು ಕೇಳಲು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಇದಕ್ಕಿಂತ ತಕ್ಕ ಜಾಗವಿಲ್ಲ.

ಸಾರ್ವಜನಿಕ ಹಣ ಊರಿಗೆ ಉಳಿದ ಒಂದು ನಿದರ್ಶನ ನೋಡಿ: 1907ರಲ್ಲಿ ಮುಗಿದ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಮೈಸೂರಿನ ಬೊಕ್ಕಸವೇ ಹಣ ಕೊಟ್ಟಿತು. ಇವತ್ತಿಗೂ ಅದರ ನೀರು ತೋಟಗಳಿಗೆ ಹರಿಯುತ್ತದೆ.

ಕಬ್ಬಿಣದ ಅದಿರಿನ ಕಥೆ ಬೇರೆ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಟನ್ ಅದಿರಿನ ಬೆಲೆ ಸಾವಿರಾರು ರೂಪಾಯಿಗೆ ಏರಿತು. ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ. 2009ರ ಆಗಸ್ಟ್‌ನಲ್ಲಿ ಅದು ಬೆಲೆಯ ಶೇಕಡಾ 10 ಆಯಿತು. ಅಷ್ಟರಲ್ಲಿ ಬಳ್ಳಾರಿಯಲ್ಲಿ ಗಣಿ ಮಾಲೀಕರ ಹೆಲಿಕಾಪ್ಟರುಗಳು ಹಾರಾಡಿದ್ದವು. ನಮ್ಮ ಜಿಲ್ಲೆಯ ಭೀಮಸಮುದ್ರದ ದಾರಿಯಲ್ಲಿ ಲಾರಿಗಳು ಓಡಿ, ಅಡಿಕೆ ಸೋಗೆಯ ಮೇಲೆ ಕೆಂಪು ದೂಳು ಕೂತಿತ್ತು. ಅಗೆತ, ಸಾಗಣೆಯ ಖರ್ಚು ಕಳೆದರೆ, ಆ ಬೆಲೆಗೂ ರಾಜಧನಕ್ಕೂ ನಡುವೆ ಉಳಿಯುವ ಅಂತರ ಯಾರ ಬೆವರಿನ ಫಲವೂ ಅಲ್ಲ. ಅದು ನಮ್ಮೆಲ್ಲರ ನೆಲದ್ದು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ಕುರಿತ ವರದಿ ಬಂತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರುಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು.

ಬೆಂಗಳೂರಿನ ಸಾಫ್ಟ್‌ವೇರ್ ಸಂಪತ್ತನ್ನು ಈ ಅದಿರಿನ ಸಂಪತ್ತಿನ ಸಾಲಿಗೆ ಸೇರಿಸಲಾರೆ. ಅಲ್ಲಿ ದುಡಿಮೆಯಿದೆ, ಜಾಣ್ಮೆಯಿದೆ. ಆದರೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಕಟ್ಟಿದ ಎಲೆಕ್ಟ್ರಾನಿಕ್ ಸಿಟಿ, ಸರ್ಕಾರಿ ಹಣದಲ್ಲಿ ಓದಿದ ಎಂಜಿನಿಯರುಗಳು, ವರ್ಷಗಟ್ಟಲೆ ಸಿಕ್ಕ ತೆರಿಗೆ ವಿನಾಯಿತಿ, ಇವೆಲ್ಲ ಸಮಾಜ ಹಾಕಿದ ಬಂಡವಾಳ. ಅದೇ ಸಾಫ್ಟ್‌ವೇರ್ ಉದ್ಯಮದ ಅಜೀಂ ಪ್ರೇಮ್‌ಜಿ ತಮ್ಮ ಷೇರುಗಳ ಬಹುಪಾಲನ್ನು ತಮ್ಮ ಹೆಸರಿನ ಪ್ರತಿಷ್ಠಾನಕ್ಕೆ ಬಿಟ್ಟುಕೊಟ್ಟರು. 2024ರಿಂದ ಅದರ ನೆರವಿನಲ್ಲಿ ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಸಿಗತೊಡಗಿತು. ಇದು ನಿಜಕ್ಕೂ ದೊಡ್ಡ ಮನಸ್ಸು. ಆದರೂ ಮಗುವಿನ ಊಟ ಒಬ್ಬರ ಔದಾರ್ಯಕ್ಕೆ ಕಾಯಬಾರದು. ಅದು ತೆರಿಗೆಯಿಂದಲೇ ಬರಬೇಕು ಎಂಬುದು ನನ್ನ ಖಚಿತ ನಿಲುವು.

ಮತ್ತೆ ಗಣಿಯ ಮಾತಿಗೆ ಬರೋಣ. 2015ರ ಗಣಿ ಕಾಯ್ದೆ ತಿದ್ದುಪಡಿಯ ನಂತರ ಗಣಿ ಮಾಲೀಕರು ರಾಜಧನದ ಮೇಲೆ ಇನ್ನೊಂದು ಪಾಲನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಹಳೆಯ ಗುತ್ತಿಗೆಗಳಿಗೆ ಅದು ರಾಜಧನದ ಶೇಕಡಾ 30. ಅದು ಗಣಿಬಾಧಿತ ಊರುಗಳ ಹಣ. ಹೊಳಲ್ಕೆರೆ, ಹೊಸದುರ್ಗದ ಬಂಧುಗಳೇ, ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ, ನಿಮ್ಮೂರಿಗೆ ಆ ಹಣದಲ್ಲಿ ಎಷ್ಟು ಬಂತು, ಯಾವ ಕೆಲಸಕ್ಕೆ ಹೋಯಿತು ಎಂದು ಲೆಕ್ಕ ಕೇಳಿ.