ರಾಶಿಯ ಸುತ್ತ ಹಗ್ಗ ಹಿಡಿದು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಗಣಿತ ಶಿಕ್ಷಕರಿಗಾಗಿ ನಡೆದ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಪ್ರೌಢಶಾಲೆಯಲ್ಲಿ ಚಟುವಟಿಕೆಯ ಮೂಲಕ ಗಣಿತ ಕಲಿಸುವುದರ ಬಗ್ಗೆ ಮಾತಾಡಿ ಎಂದಿದ್ದಾರೆ. ನಾನು ಇದರಲ್ಲಿ ಪಳಗಿದವನೆಂದು ಸಂಘಟಕರು ತಿಳಿದಿರಬಹುದು. ನಿಜ ಹೇಳಬೇಕೆಂದರೆ, ಸೇವೆಗೆ ಸೇರಿದ ಮೊದಲ ಒಂಬತ್ತು ವರ್ಷ ಸೀಮೆಸುಣ್ಣ ಬಿಟ್ಟು ಬೇರೇನನ್ನೂ ನಾನು ತರಗತಿಯಲ್ಲಿ ಕೈಗೆತ್ತಿಕೊಂಡವನಲ್ಲ. ಆ ಕಾಲದ ಒಬ್ಬ ಹುಡುಗನಿಂದಲೇ ಶುರುಮಾಡುತ್ತೇನೆ.

ಪೈಥಾಗೊರಸ್ ಪ್ರಮೇಯದ ಸಾಧನೆಯನ್ನು ಎಷ್ಟು ಸಲ ಬರೆಸಿದರೂ ಅವನು ಅರ್ಧಕ್ಕೇ ನಿಲ್ಲಿಸುತ್ತಿದ್ದ. ಒಂದು ದಿನ ಇಡೀ ತರಗತಿಯ ಮುಂದೆ, "ನಿನ್ನ ತಲೆಗೆ ಇದು ಹತ್ತೋದಿಲ್ಲ ಬಿಡು" ಅಂದುಬಿಟ್ಟೆ. ಅವನು ಗಣಿತದಲ್ಲಿ ಫೇಲಾದ, ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಕೆಲವು ವರ್ಷಗಳ ಮೇಲೆ ಚನ್ನಗಿರಿ ಕಡೆ ಪರಿಚಯದವರ ಜಮೀನಿಗೆ ಹೋಗಿದ್ದೆ. ಹೊಸ ಅಡಿಕೆ ಸಸಿ ಇಡಲು ಗುರುತು ಹಾಕುತ್ತಿದ್ದರು. ಒಬ್ಬ ಯುವಕ ಮೂಲೆಯ ಗೂಟದಿಂದ ಒಂದು ಕಡೆ 3 ಅಳತೆ, ಇನ್ನೊಂದು ಕಡೆ 4 ಅಳತೆ ಹಗ್ಗ ಎಳೆದು, ಎರಡು ತುದಿಗಳ ನಡುವೆ ಸರಿಯಾಗಿ 5 ಬರುವವರೆಗೆ ಗೂಟವನ್ನು ಅತ್ತಿತ್ತ ಸರಿಸುತ್ತಿದ್ದ. ನೋಡಿದರೆ ಅವನೇ.

"ಇದನ್ನೆಲ್ಲಿ ಕಲಿತೆಯೋ?"

"ಗಾರೆ ಕೆಲಸಕ್ಕೆ ಹೋಗ್ತಿದ್ದೆ ಮೇಷ್ಟ್ರೇ. ಪಾಯ ಹಾಕುವಾಗ ಮೇಸ್ತ್ರಿ ತೋರಿಸಿಕೊಟ್ರು."

ಇದೇ ಪೈಥಾಗೊರಸ್ ಪ್ರಮೇಯ ಕಣಪ್ಪಾ ಅಂದೆ. (ಸರಿಯಾಗಿ ಹೇಳಬೇಕೆಂದರೆ ಅದರ ವಿಲೋಮ. ಗಣಿತ ಮೇಷ್ಟ್ರ ಚಾಳಿ, ಬಿಡಲಾಗದು.) ಅವನು ಒಂದು ಗಳಿಗೆ ಹಗ್ಗವನ್ನೇ ನೋಡಿ, "ಹಂಗಂತ ಅವತ್ತೇ ಹೇಳಬಹುದಿತ್ತಲ್ಲ ಮೇಷ್ಟ್ರೇ" ಅಂದ. ಕೋಪವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾಲ್ಕು, ಐದನೇ ತರಗತಿಗೆ ಗಣಿತ ಕಲಿಕಾ ಆಂದೋಲನದ ಕಿಟ್ ಬಂದಿದೆ. ಮಕ್ಕಳು ಅದನ್ನು ಮುಟ್ಟಿ, ಜೋಡಿಸಿ ಕಲಿಯುತ್ತಾರೆ. ಹೈಸ್ಕೂಲಿಗೆ ಬಂದ ಕೂಡಲೇ ಕೈ ಖಾಲಿ. ಹಾಗೆಂದು ಹದಿನೈದು ವರ್ಷದವರಿಗೆ ಬಣ್ಣದ ಕಾಗದ ಕೊಟ್ಟರೆ ಅವರಿಗೆ ನಾಚಿಕೆಯಾಗುತ್ತದೆ, ನಮ್ಮನ್ನು ಸಣ್ಣವರೆಂದುಕೊಂಡಿದ್ದಾರೆ ಅನ್ನಿಸುತ್ತದೆ. ಮನೆಯಲ್ಲಿ ಅವರು ಆಗಲೇ ನೀರು ಕಟ್ಟುತ್ತಾರೆ, ಚೀಲ ಹೊರುತ್ತಾರೆ, ಅಡಿಕೆ ಸುಲಿಯುತ್ತಾರೆ. ಈ ವಯಸ್ಸಿನವರಿಗೆ ಆಟಿಕೆಗಿಂತ ಕೆಲಸವೇ ಸರಿ. ತಪ್ಪಿದರೆ ಏನೋ ನಷ್ಟವಾಗುವಂಥ ಕೆಲಸ.

ನ್ಯಾಮತಿ ಭಾಗದಲ್ಲಿ ನಾನಿದ್ದಾಗ ಮಾಡಿಸಿದ್ದು ಮೆಕ್ಕೆಜೋಳದ ರಾಶಿಯ ಲೆಕ್ಕ. ಸುಗ್ಗಿಯಲ್ಲಿ ಕಣಕ್ಕೊಂದು ಶಂಕು ಇರುತ್ತದೆ, ನಾವು ಮಾತ್ರ ಬೋರ್ಡಿನ ಮೇಲೆ ಐಸ್‌ಕ್ರೀಮ್ ಕೋನ್ ಬರೆಯುತ್ತೇವೆ! ಒಬ್ಬ ವಿದ್ಯಾರ್ಥಿನಿಯ ಮನೆಯ ಕಣಕ್ಕೆ ಎಲ್ಲರೂ ಹೋದೆವು. ರಾಶಿಯ ಬುಡದ ಸುತ್ತ ಹಗ್ಗ ಹಿಡಿದರು, 12 ಮೀಟರ್. ಎತ್ತರ ಅಳೆಯುವುದು ಹೇಗೆ ಎಂದು ಅರ್ಧ ಗಂಟೆ ಜಗಳವಾಯಿತು. ಕೊನೆಗೆ ತುದಿಗೆ ತಾಗುವಂತೆ ಅಡ್ಡಕ್ಕೊಂದು ಕೋಲು, ಅದರ ತುದಿಗೆ ನೆಟ್ಟಗೆ ಇನ್ನೊಂದು. ಅಡ್ಡ ಕೋಲು ಮಟ್ಟವಾಗಿದೆಯೇ ಎಂದು ನೋಡಲು ಅದರ ಮೇಲೆ ಅರ್ಧ ನೀರಿದ್ದ ಬಾಟಲಿ. ಎತ್ತರ 90 ಸೆಂಟಿಮೀಟರ್. ಸುತ್ತಳತೆಯಿಂದ ತ್ರಿಜ್ಯ ತೆಗೆದು ಘನಫಲ ಹಾಕಿದರೆ 3.44 ಘನ ಮೀಟರ್ ಬಂತು.

ಆಗ ಅವರಿಗೆ ಭಾಸ್ಕರಾಚಾರ್ಯರ ದಾರಿ ಹೇಳಿದೆ. 1150ರ 'ಲೀಲಾವತಿ'ಯಲ್ಲಿ ಧಾನ್ಯದ ರಾಶಿಗೆಂದೇ ಒಂದು ಭಾಗವಿದೆ. ಸುತ್ತಳತೆಯ ಆರನೇ ಒಂದು ಭಾಗದ ವರ್ಗವನ್ನು ಎತ್ತರದಿಂದ ಗುಣಿಸಿದರೆ ಘನಫಲ. ದಪ್ಪ ಕಾಳಿನ ರಾಶಿಯಾದರೆ ಎತ್ತರವು ಸುತ್ತಳತೆಯ ಹತ್ತನೇ ಒಂದು, ಸಣ್ಣ ಕಾಳಿಗೆ ಹನ್ನೊಂದನೇ ಒಂದು. ನಮ್ಮ ರಾಶಿ ಅದಕ್ಕಿಂತ ಚಪ್ಪಟೆ, ಜೋಳ ಜಾರುತ್ತದೆ. ಅಳೆದ ಎತ್ತರವನ್ನೇ ಹಾಕಿ ಹಳೆಯ ಸೂತ್ರದಲ್ಲಿ ಗುಣಿಸಿದರು. ಎರಡರ ವರ್ಗ ನಾಲ್ಕು, ನಾಲ್ಕು ಗುಣಿಸು 0.9, ಅಂದರೆ 3.6. ಬಾಯಿಲೆಕ್ಕ!

15 ಲೀಟರಿನ ಎಣ್ಣೆ ಡಬ್ಬಕ್ಕೆ ಜೋಳ ತುಂಬಿ ತೂಗಿದೆವು, ಹತ್ತೂವರೆ ಕೆ.ಜಿ. ಆ ಲೆಕ್ಕದಲ್ಲಿ ನಮ್ಮ ಸೂತ್ರಕ್ಕೆ 24 ಕ್ವಿಂಟಾಲ್, ಹಳೆಯ ಸೂತ್ರಕ್ಕೆ 25ರ ಮೇಲೆ. "ಒಂದು ಕ್ವಿಂಟಾಲ್ ಎಲ್ಲಿ ಹೋಯ್ತು ಸಾರ್?" ಎಂದು ಆ ಮನೆಯ ಹುಡುಗಿಯೇ ಕೇಳಿದಳು. ಅದು ಅವಳಪ್ಪನ ಜೋಳ, ಅವಳಿಗೆ ಉತ್ತರ ಬೇಕೇ ಬೇಕಿತ್ತು. ಬೀಜಗಣಿತವೆಂದರೆ ಮುಖ ತಿರುಗಿಸುತ್ತಿದ್ದವಳು ಕಣದ ನೆಲದ ಮೇಲೆ ಕಡ್ಡಿಯಲ್ಲಿ ಎರಡೂ ಸೂತ್ರ ಬರೆದು ಪಕ್ಕಪಕ್ಕ ಇಟ್ಟಳು. ಒಂದರ ಕೆಳಗೆ 12π, ಇನ್ನೊಂದರ ಕೆಳಗೆ 36. ಅಂದರೆ ಸುಲಭಕ್ಕೆಂದು π ಬದಲು 3 ಹಿಡಿದಿದ್ದಾರೆ. ಆ ಚಿಲ್ಲರೆ 0.14ರ ಬೆಲೆ ಒಂದು ಕ್ವಿಂಟಾಲ್ ಜೋಳ. ಚೀಲ ತುಂಬಿ ನಿಜವಾಗಿ ತೂಗಿದಾಗ 23 ಚಿಲ್ಲರೆ ಬಂತು. ಹಾಗಾದರೆ ನಮ್ಮದೂ ತಪ್ಪೇ? ಆ ಚರ್ಚೆ ಮಾರನೆಯ ಎರಡು ಪಿರಿಯಡ್ ನುಂಗಿತು. ರಾಶಿಯ ತುದಿ ಮೊನೆಯಾಗಿರಲಿಲ್ಲ, ದುಂಡಗಿತ್ತು ಎಂಬಲ್ಲಿಗೆ ಬಂದು ನಿಂತರು.

ಜಗಳೂರಿನಂಥ ಮಳೆ ಕಡಿಮೆಯ ಕಡೆ ಇರುವವರಿಗೆ ಒಂದು ಮಾತು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 20 ಮೀಟರ್ ಉದ್ದ, 6 ಮೀಟರ್ ಅಗಲದ ಶಾಲೆಯ ಮಾಳಿಗೆಗೆ 25 ಮಿಲಿಮೀಟರ್ ಮಳೆ ಬಿದ್ದರೆ 3000 ಲೀಟರ್. ಮಕ್ಕಳು ಕತ್ತು ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಳೆ ಅಳೆಯಲಿ. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ. ಮೊದಲು ಅದು ಮುಳುಗುವಷ್ಟು ನೀರು ಹಾಕಿ, ಅಲ್ಲಿಗೆ ಸೊನ್ನೆ ಗುರುತು ಹಾಕಿಸಿ. ಇದನ್ನು ಅವರೇ ಕಂಡುಕೊಳ್ಳಲು ಬಿಟ್ಟರೆ ಇನ್ನೂ ಒಳ್ಳೆಯದು. ಹೊನ್ನಾಳಿಯವರಿಗೆ ತುಂಗಭದ್ರೆ ಇದೆ. ದಡ ಬಿಟ್ಟಿಳಿಯದೆ ಸರ್ವಸಮ ತ್ರಿಭುಜದಿಂದ ಅದರ ಅಗಲ ತೆಗೆಯಬಹುದು. ಆದರೆ ಮಕ್ಕಳನ್ನು ನೀರಿನ ಹತ್ತಿರ ಮಾತ್ರ ಬಿಡಬೇಡಿ.

ಇನ್ನೊಂದು ಎಚ್ಚರಿಕೆ. ಅಳತೆ ಸಾಧನೆಯಲ್ಲ. ತ್ರಿಭುಜದ ಕೋನಗಳನ್ನು ಅಳೆದು ಕೂಡಿಸಿ ಎಂದರೆ ಒಬ್ಬನಿಗೆ 179, ಇನ್ನೊಬ್ಬಳಿಗೆ 181 ಬರುತ್ತದೆ. ನಾವು ಏನು ಮಾಡುತ್ತೇವೆ? 180 ಎಂದು ತಿದ್ದಿಸುತ್ತೇವೆ. ತಿದ್ದಿಸಬೇಡಿ. "ಎಲ್ಲರಿಗೂ ಬೇರೆಬೇರೆ ಬಂದಿದೆ, ಹಾಗಿದ್ದರೆ 180 ಎಂದು ಯಾರು ಹೇಳಿದ್ದು?" ಎಂದು ಅವರೇ ಕೇಳಿದ ದಿನ ಸಾಧನೆಯನ್ನು ಬೋರ್ಡಿನ ಮೇಲೆ ಬರೆಯಿರಿ. ಕೆಲವು ಕಡೆ ಮಾತ್ರ ಕೈಗೆಲಸವೇ ಸಾಧನೆಯ ಹತ್ತಿರ ಒಯ್ಯುತ್ತದೆ. ಚುಕ್ಕಿ ರಂಗೋಲಿ ನೋಡಿ: 1, 3, 5, 7, ಮತ್ತೆ 5, 3, 1. ಮೇಲಿನ ನಾಲ್ಕು ಸಾಲು ಕೂಡಿದರೆ 16, ಕೆಳಗಿನ ಮೂರು ಸಾಲು 9, ಒಟ್ಟು 25. ಅಂಗಳದಲ್ಲೇ ಮೂರು, ನಾಲ್ಕು, ಐದು! ನಡುಸಾಲು 9 ಆದರೆ ಒಟ್ಟು 41, ವರ್ಗಸಂಖ್ಯೆಯಲ್ಲ. ಮತ್ತೆ ಪೂರ್ಣವರ್ಗ ಬರಲು ನಡುಸಾಲಿನಲ್ಲಿ 41 ಚುಕ್ಕಿ ಬೇಕು. ಮಕ್ಕಳು ಹುಡುಕಲಿ.

ಸಿಲಬಸ್ ಮುಗಿಯಬೇಕಲ್ಲ ಎನ್ನುತ್ತೀರಿ. 80 ಅಂಕದ ಲಿಖಿತ ಪರೀಕ್ಷೆ ಎದುರಿಗಿದೆ, ಗೊತ್ತು. ಉಳಿದ 20 ಆಂತರಿಕ ಅಂಕಕ್ಕೆ ರಟ್ಟಿನ ಮಾದರಿ ಮಾಡಿಸಿ ಬೀರುವಿನ ಮೇಲಿಡುತ್ತೇವೆ, ಅದೂ ಗೊತ್ತು, ನಾನೂ ಇಟ್ಟವನೇ. ತಿಂಗಳಿಗೆ ಎರಡು ಶನಿವಾರ ಬೆಳಿಗ್ಗೆ ಸಾಕು. ಫಲಿತಾಂಶ ಒಮ್ಮೆಲೇ ಏರಿತೆಂದು ಹೇಳಲಾರೆ. ಏನೂ ಬರೆಯದೆ ಖಾಲಿ ಬಿಡುವ ಉತ್ತರಪತ್ರಿಕೆಗಳು ನನ್ನ ತರಗತಿಯಲ್ಲಿ ಕಡಿಮೆಯಾದವು. ತಪ್ಪಾದರೂ ಏನೋ ಒಂದು ಬರೆದಿರುತ್ತಿದ್ದರು, ತಪ್ಪನ್ನು ತಿದ್ದಬಹುದಿತ್ತು.

ಚೀಲದಲ್ಲಿ ಎಂಟು ಹಗ್ಗ ತಂದಿದ್ದೇನೆ. ಒಂದೊಂದಕ್ಕೂ ಹದಿಮೂರು ಗಂಟು, ನಡುವೆ ಹನ್ನೆರಡು ಸಮ ಅಂತರ. ಅದರಲ್ಲಿ ಎರಡು ಹಗ್ಗಗಳ ಗಂಟನ್ನು ಬೇಕೆಂದೇ ತಪ್ಪಾಗಿ ಹಾಕಿದ್ದೇನೆ, ಯಾವುದೆಂದು ಹೇಳುವುದಿಲ್ಲ. ಊಟಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ. ಹಿಂದಿನ ಸಾಲಿನ ಮಕ್ಕಳೇ ಮೊದಲು ಬರಲಿ, ಶಿಕ್ಷಕರು ಅವರ ಹಿಂದೆ; ಮೈದಾನದಲ್ಲಿ ವಾಲಿಬಾಲ್ ಅಂಕಣದ ಗೆರೆ ಅಳಿಸಿಹೋಗಿದೆ, ನಾಲ್ಕು ಮೂಲೆ ಹಿಡಿಯೋಣ.