ಕೈನೋವೂ ಕೊಲೆಸ್ಟರಾಲ್ ಮಾತ್ರೆಯೂ

ಮುಂಜಾನೆ ಎದ್ದು ಮುಷ್ಟಿ ಕಟ್ಟಹೋದರೆ ಬೆರಳುಗಳು ಮಡಚಲು ಒಪ್ಪುವುದಿಲ್ಲ; ಒದ್ದೆ ಬಟ್ಟೆ ಹಿಂಡುವಾಗ ಮಣಿಕಟ್ಟು ಚಳುಕು ಹೊಡೆಯುತ್ತದೆ; ಡಬ್ಬಿಯ ಮುಚ್ಚಳ ತಿರುವುವುದೂ ಒಂದು ಸಾಹಸವಾಗುತ್ತದೆ. ಐವತ್ತು ದಾಟಿದ ಅನೇಕರಿಗೆ ಇದು ಪರಿಚಿತವಾದ ಅನುಭವ. ಆದರೆ ಹೃದಯದ ರಕ್ಷಣೆಗೆಂದು ದಿನವೂ ಕೊಲೆಸ್ಟರಾಲ್ ಮಾತ್ರೆ ಸೇವಿಸುತ್ತಿರುವವರಲ್ಲಿ ಈ ನೋವು ತಲೆದೋರಿದಾಗ ಸಂಶಯವು ನೇರವಾಗಿ ಮಾತ್ರೆಯತ್ತ ಹೊರಳುತ್ತದೆ. ಕೆಲವರು ವೈದ್ಯರಿಗೆ ತಿಳಿಸದೆಯೇ ಅದನ್ನು ನಿಲ್ಲಿಸಿಬಿಡುತ್ತಾರೆ. ಈ ಸಂಶಯ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಕೇಳುಗರೊಡನೆ ವಿಚಾರ ಮಾಡುವುದೇ ಈ ಭಾಷಣದ ಉದ್ದೇಶ.

ಈ ಮಾತ್ರೆಗಳ ವರ್ಗಕ್ಕೆ ಸ್ಟಾಟಿನ್ ಎಂದು ಹೆಸರು. ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಸುಮಾರು 6,000 ಬಗೆಯ ಶಿಲೀಂಧ್ರಗಳನ್ನು ಪರೀಕ್ಷಿಸಿ, 1973ರಲ್ಲಿ ಒಂದು ಬೂಷ್ಟಿನಿಂದ ಈ ವರ್ಗದ ಮೊದಲ ವಸ್ತುವನ್ನು ಬೇರ್ಪಡಿಸಿದರು. ಯಕೃತ್ತು ಕೊಲೆಸ್ಟರಾಲನ್ನು ತಯಾರಿಸಲು ಬೇಕಾದ ಒಂದು ಕಿಣ್ವವನ್ನು ಸ್ಟಾಟಿನ್ ತಡೆಯುತ್ತದೆ. ಆಗ ಯಕೃತ್ತು ತನಗೆ ಬೇಕಾದುದನ್ನು ರಕ್ತದಿಂದಲೇ ಸೆಳೆದುಕೊಳ್ಳುತ್ತದೆ. ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯದ ಅಧ್ಯಯನವೊಂದರಲ್ಲಿ 4,444 ಮಂದಿ ಹೃದ್ರೋಗಿಗಳು ಭಾಗವಹಿಸಿದ್ದರು. ಅವರಲ್ಲಿ ಸ್ಟಾಟಿನ್ ಸೇವಿಸಿದವರ ಮರಣಪ್ರಮಾಣ ಉಳಿದವರದಕ್ಕಿಂತ ಶೇಕಡಾ 30ರಷ್ಟು ಕಡಿಮೆಯಾಗಿತ್ತು. ಮಾತ್ರೆ ಬಿಟ್ಟವನಿಗೆ ಮರುದಿನ ಏನೂ ಅನಿಸುವುದಿಲ್ಲ. ನಷ್ಟವು ಸದ್ದಿಲ್ಲದೆ ಧಮನಿಗಳೊಳಗೆ ನಡೆಯುತ್ತದೆ.

ಹಾಗೆಂದು ಮಾತ್ರೆ ಸಂಪೂರ್ಣ ನಿರಪರಾಧಿಯಲ್ಲ. ಅದು ಕೆಲವರ ಸ್ನಾಯುಗಳನ್ನು ನೋಯಿಸುವುದು ನಿಜ. ಅತಿ ವಿರಳವಾಗಿ ಸ್ನಾಯುಗಳು ಶಿಥಿಲಗೊಂಡು ಮೂತ್ರಪಿಂಡಗಳಿಗೂ ಅಪಾಯವೊದಗುತ್ತದೆ. ಇಂಥ ಸಾವುಗಳು ವರದಿಯಾದುದರಿಂದಲೇ ಸೆರಿವಾಸ್ಟಾಟಿನ್ ಎಂಬ ಔಷಧವನ್ನು 2001ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಆದರೆ ಸ್ಟಾಟಿನ್ನಿನ ನೋವಿಗೆ ಒಂದು ಲಕ್ಷಣವಿದೆ. ಅದು ಸಾಮಾನ್ಯವಾಗಿ ತೊಡೆ, ಸೊಂಟ, ಮೀನಖಂಡ, ಭುಜಗಳಂಥ ದೊಡ್ಡ ಸ್ನಾಯುಗಳನ್ನು, ಅದೂ ಎರಡೂ ಪಕ್ಕಗಳಲ್ಲಿ, ಹಿಡಿಯುತ್ತದೆ. ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ಕೆಲವು ವಾರಗಳಲ್ಲಿಯೇ ಬಹುಮಟ್ಟಿಗೆ ಕಾಣಿಸಿಕೊಳ್ಳುತ್ತದೆ. ಬೆರಳಿನ ಕೀಲುಗಳಿಗಷ್ಟೇ ಸೀಮಿತವಾದ ನೋವು ಈ ಚಿತ್ರಕ್ಕೆ ಅಷ್ಟಾಗಿ ಹೊಂದುವುದಿಲ್ಲ.

2022ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯನ್ನು ಇಲ್ಲಿ ನೆನೆಯಬೇಕು. 19 ಪ್ರಯೋಗಗಳಲ್ಲಿ ಸುಮಾರು 1,24,000 ಜನರನ್ನು ಪರಿಶೀಲಿಸಿದಾಗ ಸ್ನಾಯುನೋವು ಅಥವಾ ನಿಶ್ಶಕ್ತಿಯನ್ನು ಹೇಳಿಕೊಂಡವರು ಸ್ಟಾಟಿನ್ ಪಡೆದವರಲ್ಲಿ ನೂರಕ್ಕೆ 27.1, ಔಷಧಾಂಶವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ 26.6. ನೋವು ಸುಳ್ಳೆಂದು ಇದರ ಅರ್ಥವಲ್ಲ. ನೋವು ಇಬ್ಬರಿಗೂ ಇತ್ತು. ಅದರ ಕಾರಣ ಬಹುತೇಕ ಬೇರೆಲ್ಲೋ ಇತ್ತು.

ಆ ಕಾರಣವನ್ನು ಹುಡುಕುವುದೇ ಮುಖ್ಯ. ಸ್ವಾರಸ್ಯವೇನೆಂದರೆ, ಸ್ಟಾಟಿನ್ ಯಾರಿಗೆ ಬೇಕಾಗುತ್ತದೆಯೋ ಅಂಥವರಲ್ಲಿಯೇ ಕೈ ಬಿಗಿಯಲು ಅನ್ಯ ಕಾರಣಗಳೂ ಇರುತ್ತವೆ. ಥೈರಾಯ್ಡ್ ಗ್ರಂಥಿ ಮಂದವಾದರೆ ಕೊಲೆಸ್ಟರಾಲ್ ಏರುತ್ತದೆ, ಸ್ನಾಯುಗಳೂ ಬಿಗಿಯುತ್ತವೆ. ಸ್ಟಾಟಿನ್ನಿನ ಉಪದ್ರವಕ್ಕೂ ಅದು ದಾರಿಮಾಡಿಕೊಡುತ್ತದೆ. ಬಹುಕಾಲದ ಸಕ್ಕರೆಕಾಯಿಲೆಯಲ್ಲಿ ಬೆರಳುಗಳ ಚರ್ಮ ದಪ್ಪವಾಗಿ ಕೀಲುಗಳು ಬಿಗಿಯುತ್ತವೆ. ಇದಕ್ಕೊಂದು ಸುಲಭವಾದ ಪರೀಕ್ಷೆಯೆಂದರೆ ನಮ್ಮ ನಮಸ್ಕಾರವೇ! ಕೈ ಜೋಡಿಸಿದಾಗ ಅಂಗೈಗಳೂ ಬೆರಳುಗಳೂ ಒಂದಕ್ಕೊಂದು ಪೂರ್ತಿ ತಾಗದೆ ನಡುವೆ ಸಂದು ಉಳಿದರೆ ವೈದ್ಯರಿಗೆ ತೋರಿಸತಕ್ಕದ್ದು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಲ್ಪಟ್ಟಿರಬಹುದು. ಬೆರಳ ಬುಡದ ಗೆಣ್ಣುಗಳು ಊದಿಕೊಂಡು, ಬೆಳಗಿನ ಬಿಗಿತ ಗಂಟೆಗಟ್ಟಲೆ ಸಡಿಲದಿದ್ದರೆ ಅದು ಸಂಧಿವಾತದ ಸೂಚನೆ ಇರಬಹುದು; ಅದಕ್ಕೆ ತಡಮಾಡದೆ ಚಿಕಿತ್ಸೆ ಬೇಕು. ಬೆರಳ ತುದಿಯ ಗೆಣ್ಣುಗಳಲ್ಲಿ ಗಡುಸಾದ ಗಂಟುಗಳೆದ್ದರೆ ಅದು ಬಹುಶಃ ವಯಸ್ಸಿನೊಡನೆ ಬರುವ ಕೀಲುಸವೆತ. ಮಾತ್ರೆ ನಿಲ್ಲಿಸಿದ ಮಾತ್ರಕ್ಕೆ ಇವುಗಳಲ್ಲಿ ಯಾವುದೂ ಗುಣವಾಗುವುದಿಲ್ಲ.

ಆದುದರಿಂದ ಮಾಡಬೇಕಾದುದು ಇಷ್ಟು. ಮಾತ್ರೆ ಎಂದು ಆರಂಭವಾಯಿತು, ನೋವು ಎಂದು ಬಂದಿತು, ಎಲ್ಲಿ ಬಂದಿತು ಎಂಬುದನ್ನು ಬರೆದಿಟ್ಟುಕೊಳ್ಳಿರಿ. ಸೇವಿಸುತ್ತಿರುವ ಇತರ ಔಷಧಗಳನ್ನೂ ವೈದ್ಯರಿಗೆ ತಿಳಿಸಿರಿ; ಕ್ಲಾರಿತ್ರೊಮೈಸಿನ್‌ನಂಥ ಔಷಧಗಳು ಕೆಲವು ಸ್ಟಾಟಿನ್‌ಗಳನ್ನು ರಕ್ತದಲ್ಲಿ ಏರಿಸಿ ಸ್ನಾಯುಗಳಿಗೆ ಹಾನಿ ಮಾಡಬಲ್ಲವು. ವೈದ್ಯರು ಥೈರಾಯ್ಡ್, ಸಕ್ಕರೆ ಹಾಗೂ ಸ್ನಾಯುಕಿಣ್ವದ ರಕ್ತಪರೀಕ್ಷೆ ಮಾಡಿಸಬಹುದು. ಅವಶ್ಯವೆನಿಸಿದರೆ ಮಾತ್ರೆಯನ್ನು ಕೆಲವು ವಾರ ನಿಲ್ಲಿಸಿ, ಮತ್ತೆ ಆರಂಭಿಸಿ ನೋಡಬಹುದು. ಮಾತ್ರೆಯದೇ ತಪ್ಪೆಂದು ಸಿದ್ಧವಾದರೂ ದಾರಿ ಮುಚ್ಚಿಹೋಗುವುದಿಲ್ಲ: ಪ್ರಮಾಣ ತಗ್ಗಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು, ಎಜೆಟಿಮೈಬ್‌ನಂಥ ಅನ್ಯ ಔಷಧವನ್ನು ಆಶ್ರಯಿಸಬಹುದು. ಆದರೆ ತೀವ್ರವಾದ ಸ್ನಾಯುನೋವಿನೊಡನೆ ನಿಶ್ಶಕ್ತಿ ಉಂಟಾಗಿ, ಮೂತ್ರವು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾದರೆ ಮಾತ್ರ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ವೈದ್ಯರಲ್ಲಿಯೂ ಒಂದು ವಿನಂತಿ. “ಅದೆಲ್ಲ ಮನಸ್ಸಿನ ಭ್ರಮೆ” ಎಂಬ ಒಂದು ಮಾತಿಗೆ ರೋಗಿ ಎದುರಾಡದೆ ಮನೆಗೆ ಹೋಗುತ್ತಾನೆ. ಮಾತ್ರೆಯನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ. ಅವನ ಕೈಯನ್ನು ಹಿಡಿದು, ಗೆಣ್ಣುಗಳನ್ನು ಮುಟ್ಟಿ, ಎರಡು ನಿಮಿಷ ವಿಚಾರಿಸಿದರೆ ಹೃದಯದ ಔಷಧವೂ ಉಳಿಯುತ್ತದೆ, ಕೈನೋವಿಗೂ ಸರಿಯಾದ ಉಪಚಾರ ದೊರೆಯುತ್ತದೆ.